ತುದಿಯಲ್ಲೇ ಬರೆಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಚಾರಣಕ್ಕೆ ಹೋಗುವವರಲ್ಲಿ ಹತ್ತಿದ ಶಿಖರಗಳ ಲೆಕ್ಕ ಇಡುವ ಆಸೆ ಬಹಳ ಜನಕ್ಕಿದೆ. ಲೆಕ್ಕ ತಪ್ಪುವುದು ಮನೆಗೆ ಬಂದು ಬರೆಯುವುದರಿಂದ. ತುದಿಯಲ್ಲಿ ನಿಂತೇ ಬರೆಯಿರಿ. ಇವತ್ತು ನಾನು ಹೇಳುವುದು ಇದೊಂದೇ.

ಸ್ಕಾಟ್ಲೆಂಡಿನ ಒಂದು ಸಂಗತಿ ಕೇಳಿ. ಅಲ್ಲಿ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿಯನ್ನು 1891ರಲ್ಲಿ ಹ್ಯೂ ಮನ್ರೋ ಮಾಡಿಟ್ಟರು. ಅವರ ಹೆಸರಿನಿಂದಲೇ ಆ ಬೆಟ್ಟಗಳಿಗೆ ಮನ್ರೋ ಎನ್ನುತ್ತಾರೆ; ಈಗ 282 ಇವೆ. ಅವರೇ ಪಟ್ಟಿಯ ಬೆಟ್ಟಗಳನ್ನೆಲ್ಲ ಹತ್ತಿ ಮುಗಿಸಲಾಗದೆ 1919ರಲ್ಲಿ ತೀರಿಕೊಂಡರು. ಎಲ್ಲವನ್ನೂ ಹತ್ತಿದ ಮೊದಲಿಗರೆಂದು ಹೆಸರಾದವರು ಪಾದ್ರಿ ಎ. ಇ. ರಾಬರ್ಟ್‌ಸನ್. 1901ರಲ್ಲಿ ಕೊನೆಯ ಶಿಖರ ಮುಟ್ಟಿ, ಮೊದಲು ತುದಿಯ ಕಲ್ಲುಗುಪ್ಪೆಗೆ, ಆಮೇಲೆ ಹೆಂಡತಿಗೆ ಮುತ್ತು ಕೊಟ್ಟರಂತೆ! ಆದರೆ ಎಷ್ಟೋ ವರ್ಷಗಳ ನಂತರ ಅವರ ದಿನಚರಿ ತೆರೆದು ನೋಡಿದರೆ, ಬೆನ್ ವಿವಿಸ್ ಬೆಟ್ಟದಲ್ಲಿ ಮಳೆಗೆ ನೆನೆಯುವುದು ಬೇಡವೆಂದು ತುದಿ ಸೇರದೆ ಹಿಂತಿರುಗಿದ್ದು ಅದರಲ್ಲಿತ್ತು. ಮತ್ತೆ ಹೋಗಿ ಹತ್ತಿದ ಬರಹ ಸಿಗಲಿಲ್ಲ. ಹತ್ತಿಯೂ ಇರಬಹುದು. ಒಂದು ಸಾಲು ಇಲ್ಲದ್ದಕ್ಕೆ ಅನುಮಾನ ಇವತ್ತಿಗೂ ಉಳಿದಿದೆ.

ನಮ್ಮ ಕುಮಾರಪರ್ವತಕ್ಕೆ ಬನ್ನಿ. ಕುಕ್ಕೆಯಿಂದ ಹೊರಟು ಭಟ್ಟರ ಮನೆ, ಕಲ್ಲು ಮಂಟಪ ದಾಟಿ ಶೇಷಪರ್ವತಕ್ಕೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಮಂಜು ಮುಸುಕಿದ್ದರೆ ಇದೇ ತುದಿ ಅಂದುಕೊಂಡು ಫೋಟೊ ತೆಗೆದು ಇಳಿದುಬಿಡುತ್ತಾರೆ. 1,712 ಮೀಟರಿನ ಶಿಖರ ಇನ್ನೂ ಮುಂದಿದೆ ಸ್ವಾಮಿ! ಅಲ್ಲಿಂದ ಶೋಲಾ ಕಾಡಿಗೆ ಇಳಿದು, ಬಂಡೆ ಹತ್ತಿ ಹೋಗಬೇಕು. ಶೇಷಪರ್ವತವನ್ನು ಶೇಷಪರ್ವತ ಎಂದೇ ಬರೆಯಿರಿ.

ಬರೆಯಬೇಕಾದ್ದು ನಾಲ್ಕೇ: ಶಿಖರದ ಹೆಸರು, ತಾರೀಕು, ಗಂಟೆ, ಆ ಕ್ಷಣ ಅಲ್ಲಿ ನಿಂತವರ ಹೆಸರು. ಆರು ಜನ ಹೊರಟು ಇಬ್ಬರು ಭಟ್ಟರ ಮನೆಯಲ್ಲೇ ಉಳಿದರೆ ಶಿಖರ ನಾಲ್ವರದ್ದು ಮಾತ್ರ. ಸ್ನೇಹಕ್ಕಾಗಿ ಹೆಸರು ಸೇರಿಸಬೇಡಿ. ಪೆನ್ ಬೇಡ, ಪೆನ್ಸಿಲ್ ಇರಲಿ. ಹನಿ ಬಿದ್ದರೂ ಅಕ್ಷರ ಹರಡುವುದಿಲ್ಲ.

ಸಮಯ ಕಡಿಮೆ ಉಳಿದಿದೆ, ಮೊಬೈಲ್ ವಿಷಯ ಬೇಗ ಹೇಳುತ್ತೇನೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ನಕ್ಷೆ ಮಾತ್ರ ಮೊದಲೇ ಇಳಿಸಿಕೊಳ್ಳಿ. ಕಾಡು ಹೊಕ್ಕುವ ಮುಂಚೆ, ಬಯಲಿನಲ್ಲೇ ನಕ್ಷೆಯ ಆ್ಯಪ್‌ನಲ್ಲಿ ನಡೆಯುವ ದಾರಿಯ ರೆಕಾರ್ಡಿಂಗ್ ಶುರುಮಾಡಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ ಆ್ಯಪ್‌ಗೆ ಅನ್ವಯಿಸದಂತೆ ಮಾಡಿ. ಇಲ್ಲದಿದ್ದರೆ ಪರದೆ ಆರಿದಾಗ ರೆಕಾರ್ಡಿಂಗ್ ನಿಂತು, ನಕ್ಷೆಯ ಮೇಲೆ ಕಣಿವೆ ಹಾರಿದ ನೇರ ಗೆರೆ ಬರುತ್ತದೆ. ಎತ್ತರದ ಅಂಕಿಯನ್ನಂತೂ ನಂಬಲೇಬೇಡಿ. ಕೆಲವು ಆ್ಯಪ್‌ಗಳು ಸಮುದ್ರಮಟ್ಟದಿಂದ ಅಳೆಯುವುದಿಲ್ಲ, ನಮ್ಮ ಕಡೆ ನಿಜವಾದ ಎತ್ತರಕ್ಕಿಂತ 80 ಮೀಟರಿಗೂ ಮಿಕ್ಕಿ ಕೆಳಗೆ ತೋರಿಸುತ್ತವೆ. ಮೊಬೈಲ್ ದಾರಿ ಹೇಳಲಿ. ತುದಿಯಲ್ಲಿ ಯಾರಿದ್ದರು ಎನ್ನುವುದನ್ನು ಪೆನ್ಸಿಲ್ಲೇ ಹೇಳಬೇಕು. ನಮಸ್ಕಾರ.