ಕೆಲಾಡಿಯಂ ಸತ್ತಿಲ್ಲ, ಕುಂಡ ಎಸೀಬೇಡಿ

ಫೋಕಸ್ ಆಗ್ತಾ ಇಲ್ಲ... ಹಾಂ, ಈಗ ಬಂತು. ಕೆಲಾಡಿಯಂ ಅಂದ್ರೆ ಬಣ್ಣದ ಎಲೆಗೆ ಅಂತಾನೇ ಬೆಳೆಸೋ ಗೆಡ್ಡೆ ಗಿಡ. ಚಳಿಗಾಲಕ್ಕೆ ಎಲೆಯೆಲ್ಲ ಬಿದ್ರೆ ಸತ್ತೋಯ್ತು ಅಂತ ಕುಂಡ ಎಸೀತಾರೆ, ಆದ್ರೆ ಮಣ್ಣೊಳಗೆ ಗೆಡ್ಡೆ ಬದುಕಿರತ್ತೆ. ಆ ಗೆಡ್ಡೆ ನೋಡಿ. ಮೊಳಕೆ ಕಣ್ಣು ಇರೋ ಕಡೆ ಮೇಲೆ ಬರ್ಬೇಕು. ಬೇರೂ ಅಲ್ಲಿಂದಾನೇ ಹೊರಡೋದು, ತಳದಿಂದ ಅಲ್ಲ. ಅದಕ್ಕೇ ಗೆಡ್ಡೆ ಮೇಲೆ ಒಂದೂವರೆ ಇಂಚಾದ್ರೂ ಮಣ್ಣು ಹಾಕೋದು. ತಲೆಕೆಳಗಾಗಿ ನೆಟ್ರೂ ಹುಟ್ಟತ್ತೆ, ಸ್ವಲ್ಪ ಲೇಟು.

ನಡುವೆ ದಪ್ಪಗಿದೆಯಲ್ಲ, ಆ ಕಣ್ಣನ್ನ ಚಾಕು ತುದಿಯಲ್ಲಿ ತೆಳ್ಳಗೆ ಕೆರೆದು ತೆಗೀತಿದೀನಿ. ಸುತ್ತಲಿನ ಸಣ್ಣ ಕಣ್ಣೆಲ್ಲ ಎದ್ದು ಗಿಡ ಪೊದೆ ಥರ ಆಗತ್ತೆ. ಎಲೆ ಚಿಕ್ಕದಾಗತ್ತೆ. ದೊಡ್ಡ ಎಲೆ ಬೇಕಾ, ಮುಟ್ಟೋಕೆ ಹೋಗ್ಬೇಡಿ. ಗ್ಲೌಸ್ ಹಾಕ್ಕೊಳ್ಳಿ, ಇದೂ ಕೆಸುವಿನ ಕುಲಾನೇ, ಕೈ ಕಡಿಯತ್ತೆ. ಪತ್ರೊಡೆ ಮಾಡೋ ಆಸೆ ಬೇಡ, ಇದು ವಿಷ. ಬೆಕ್ಕು ನಾಯಿ ಇರೋ ಮನೇಲಿ ಎತ್ತರದಲ್ಲಿಡಿ.

ಈಗ ಈ ನರ್ಸರಿ ಕುಂಡ. ಹಿಂಡಿದ್ರೆ ನೀರು ಸುರೀತಿದೆ, ನೋಡಿ! ಬರೀ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ. ನರ್ಸರಿಯವರಿಗೆ ಹಗುರ, ಸಾಗಿಸೋಕೆ ಸುಲಭ. ಬಾಲ್ಕನಿಗೆ ಬಂದ್ಮೇಲೆ ಮೇಲ್ಗಡೆ ಒಣಗಿದ ಹಾಗೆ ಕಾಣತ್ತೆ, ನೀವು ನೀರು ಹಾಕ್ತೀರ, ಒಳಗೆ ಗೆಡ್ಡೆ ಕೊಳೀತಾ ಇರತ್ತೆ. ಜುಲೈ-ಆಗಸ್ಟ್‌ನಲ್ಲಿ ಬಿಸಿಲೇ ಇಲ್ಲ, ಒಣಗೋದೆಲ್ಲಿಂದ? ಎಲೆ ಜೋತು ಬಿದ್ರೆ ಬಾಯಾರಿಕೆ ಅಂದ್ಕೊಂಡು ಇನ್ನೊಂದು ಚೊಂಬು! ಬೆರಳು ಒಂದಿಂಚು ಇಳಿಸಿ ನೋಡಿ ಮೊದ್ಲು. ಗೆಡ್ಡೆ ಮೆತ್ತಗಾಗಿದ್ರೆ ಗಟ್ಟಿ ತಿರುಳು ಸಿಗೋ ತನಕ ಕತ್ತರಿಸಿ, ಶಿಲೀಂಧ್ರ ತಡೆಯೋ ಫಂಗಿಸೈಡ್ ಪುಡಿ ಸವರಿ, ಎರಡು ದಿನ ನೆರಳಲ್ಲಿ ಒಣಗಿಸಿ. ಪೂರ್ತಿ ಲೊಳಲೊಳ ಆಗಿ ನಾರ್ತಿದ್ರೆ ಆಸೆ ಬಿಡಿ. ಕೋಕೋಪೀಟ್ ದಂಡ ಅಂತಲ್ಲ, ಮೂರನೇ ಒಂದು ಭಾಗ ಇರಲಿ. ಉಳಿದದ್ದು ಎಲೆಗೊಬ್ಬರ, ಪರ್ಲೈಟ್ (ನೀರು ಬಸಿಯೋಕೆ ಹಾಕೋ ಹಗುರ ಬಿಳಿ ಹರಳು). ಪರ್ಲೈಟ್ ದುಬಾರಿ ಅಂದ್ರೆ ದಪ್ಪ ಮರಳು ಸಾಕು.

ಅಯ್ಯೋ ಈ ಪಾರಿವಾಳ... ಹೋಗೇ! ಬೆಂಗಳೂರಲ್ಲಿ ಬಾಲ್ಕನಿ ನಮ್ಮದಾ ಅವುಗಳದ್ದಾ ಗೊತ್ತಾಗಲ್ಲ. ಏನು ಹೇಳ್ತಿದ್ದೆ? ಬಿಸಿಲು. ಬೆಳಗಿನ ಒಂಬತ್ತರ ತನಕ ಪೂರ್ವದ ಬಿಸಿಲು ಓಕೆ. ಬಿಳಿ ಎಲೆಯವು ಮಧ್ಯಾಹ್ನದ ಬಿಸಿಲಿಗೆ ಸುಟ್ಟು ಕಂದು ತೂತು ಬೀಳತ್ತೆ. ಪೂರ್ತಿ ಕತ್ತಲಲ್ಲಿಟ್ರೆ ಎಲೆಯ ದಂಟು ಉದ್ದುದ್ದ ಬಂದು ಬಗ್ಗತ್ತೆ. ಗೊಬ್ಬರ 19:19:19, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋದು, ಲೀಟರ್ ನೀರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಯೂರಿಯಾ ಸುರಿದ್ರೆ ಕೆಂಪೆಲ್ಲ ಹೋಗಿ ಹಸಿರು ಮಾತ್ರ ಉಳಿಯತ್ತೆ. ಬೋರ್‌ವೆಲ್ ನೀರು ಎಲೆ ಮೇಲೆ ಚಿಮುಕಿಸ್ಬೇಡಿ, ಬಿಳಿ ಕಲೆ ಹೋಗಲ್ಲ.

ನವೆಂಬರ್ ಬಂದ ಕೂಡ್ಲೇ ಎಲೆ ಒಂದೊಂದೇ ಹಳದಿಯಾಗಿ ಬೀಳತ್ತೆ. ಇದು ರೋಗ ಅಲ್ಲ, ನಿದ್ದೆ. ರಾತ್ರಿ 15-16 ಡಿಗ್ರಿಗೆ ಇಳಿದಾಗ ಜಾಸ್ತಿ ನೀರು ಹಾಕಿದ್ರೆ ಮಾತ್ರ ಗೆಡ್ಡೆ ಕೊಳೆತು ಸಾಯಬಹುದು. ಎಲೆ ಪೂರ್ತಿ ಬಿದ್ಮೇಲೆ ನೀರು ಬಂದ್. ಕುಂಡಾನ ಮಳೆ ಬೀಳದ ಮೂಲೇಲಿ ಇಟ್ಬಿಡಿ. ಗೆಡ್ಡೆ ತೆಗೆದಿಡೋದಾದ್ರೆ ಒಣ ಮರಳಲ್ಲಿ, ಫ್ರಿಜ್ಜಲ್ಲಿ ಅಲ್ವೇ ಅಲ್ಲ. ಫೆಬ್ರವರಿ ಕೊನೆಗೆ ಸೆಖೆ ಶುರುವಾಗತ್ತಲ್ಲ, ಆಗ ಮತ್ತೆ ಸ್ವಲ್ಪ ಸ್ವಲ್ಪ ನೀರು.

ಈ ಹೂವು ಬೇಡ, ಗೆಡ್ಡೆ ಶಕ್ತಿ ತಿನ್ನತ್ತೆ, ಬುಡದಲ್ಲೇ ಕಟ್. ಬ್ಯಾಟರಿ ಕೆಂಪಾಯ್ತು, ಮುಂದಿನ ಕುಂಡ ಚಾರ್ಜ್ ಆದ್ಮೇಲೆ.