ಊಟದ ಟೇಬಲ್ಲಿಗೆ ಪುಸ್ತಕ ತರೋದಾದ್ರೆ

ತಿಂಗಳಿಗೊಮ್ಮೆ ಹೋಟೆಲ್ಲಲ್ಲಿ ಸೇರಿ, ಊಟದ ಜೊತೆ ಓದಿದ ಪುಸ್ತಕದ ಬಗ್ಗೆ ಮಾತಾಡೋದಾದ್ರೆ ಮೊದಲು ನೋಡಬೇಕಾದ್ದು ಟೇಬಲ್ಲು. ಕೈ ತೊಳೆಯೋ ಜಾಗದಿಂದ ದೂರ, ಟಿವಿ ಕಣ್ಣಿಗೆ ಬೀಳದ ಮೂಲೆ, ಇಂಥದ್ದೇ ಹಿಡೀರಿ. ಕ್ರಿಕೆಟ್ ಇದ್ದ ದಿನ ಟಿವಿ ಎದುರು ಕೂತ್ರೆ ಪುಸ್ತಕದ ಕತೆ ಮುಗೀತು. ಆರು ಜನ ಹದ, ಎಂಟಕ್ಕೆ ನಿಲ್ಲಿಸಿ. ಎರಡು ಟೇಬಲ್ ಜೋಡಿಸಿದ್ರೆ ಆ ತುದಿಯವರದ್ದೊಂದು ಮಾತು, ಈ ತುದಿಯವರದ್ದೊಂದು.

ಕೋಲಾರದಲ್ಲಿ ಶನಿವಾರ, ಭಾನುವಾರ ಬೇಡ. ಟೇಬಲ್ಲಿಗೆ ಜನ ಕಾಯ್ತಿರ್ತಾರೆ, ತಟ್ಟೆ ಎತ್ತೋ ಮುಂಚೆ ಬಿಲ್ ಬಂದಿರುತ್ತೆ. ಅವರ ವ್ಯಾಪಾರ, ತಪ್ಪೇನಿಲ್ಲ. ವಾರದ ಮಧ್ಯ, ರಾತ್ರಿ ಎಂಟಕ್ಕೆ ಇಟ್ಕೊಳ್ಳಿ. ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರೋರಿಗೂ ಅನುಕೂಲ. ಎರಡು ಗಂಟೆ ಕೂರ್ತೀವಿ ಅಂತ ಹಿಂದಿನ ದಿನವೇ ಹೋಟೆಲ್ ಗಲ್ಲಾದಲ್ಲಿ ಕೂತಿರೋರಿಗೆ ಹೇಳಿಬಿಡಿ.

ಮಾತು ಕೆಡೋದು ಹೆಚ್ಚಾಗಿ ಊಟದಿಂದಲೇ. ಮುದ್ದೆ ಆರಿದ್ರೆ ಮೇಲೆ ಪೊರೆ ಕಟ್ಟಿ ಗಟ್ಟಿಯಾಗುತ್ತೆ, ಗಂಟಲಲ್ಲಿ ಇಳಿಯಲ್ಲ. ಬಿಸಿಯಿದ್ದಾಗ ಉಂಡ್ರೆ ಕೈಯೆಲ್ಲ ಬಸ್ಸಾರು, ಪುಟ ತಿರುವೋ ಹಾಗಿಲ್ಲ. ಅದಕ್ಕೆ ಆರ್ಡರ್ ಕೊಟ್ಟು ಕಾಯೋ ಹೊತ್ತಲ್ಲೇ ಒಂದು ಸುತ್ತು ಮುಗಿಸಿ: ಎಲ್ಲಿವರೆಗೆ ಓದಿದ್ರಿ, ಎಲ್ಲಿ ಬೇಜಾರಾಯ್ತು, ತಲಾ ಎರಡು ನಿಮಿಷ. ತಟ್ಟೆ ಬಂತಾ, ಪುಸ್ತಕ ಚೀಲಕ್ಕೆ. ಕೈ ತೊಳೆದು, ಟೇಬಲ್ ಒರೆಸಿಸಿ, ಕಾಫಿ ಹೇಳಿದ ಮೇಲೆ ಅಸಲಿ ಚರ್ಚೆ. ಎಲ್ಲರೂ ದೋಸೆ ಹೇಳಿದ್ರೆ ಹೆಂಚಿಂದ ಮೂರು ನಾಲ್ಕರಂತೆ ಬರುತ್ತೆ. ಒಬ್ಬರು ಕೈ ತೊಳೆಯೋವಾಗ ಇನ್ನೊಬ್ಬರಿಗೆ ಶುರು.

ತಿಂಗಳಿಗೆ 150ರಿಂದ 200 ಪುಟ ಸಾಕು. ಮುದ್ರಣ ಬೇರೆಯಾದ್ರೆ ಪುಟಸಂಖ್ಯೆ ಹೊಂದಲ್ಲ, ಅಧ್ಯಾಯದ ಲೆಕ್ಕದಲ್ಲಿ ಮಾತಾಡಿ. ಕಾದಂಬರಿ ಭಾರ ಅನ್ನೋರಿಗೆ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ಇದ್ದಾರೆ. 1983ರ ಜ್ಞಾನಪೀಠ ಬಂದದ್ದು ಕಾದಂಬರಿಗಾದ್ರೂ ಟೇಬಲ್ಲಿಗೆ ಒಗ್ಗೋದು ಅವರ ಸಣ್ಣಕತೆ, ಒಂದು ರಾತ್ರಿಗೆ ಎರಡು. ಹಾಗಂತ ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿ ಹಂಚಬೇಡಿ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಮಾಸ್ತಿ ತೀರಿಕೊಂಡಿದ್ದು 1986ರಲ್ಲಿ, ಅಂದ್ರೆ 2046ರವರೆಗೆ. ಪ್ರತಿಗಳನ್ನ ತಿಂಗಳ ಮುಂಚೆಯೇ ತರಿಸಿ, ಎಂಟು ಪ್ರತಿ ಒಂದೇ ಅಂಗಡೀಲಿ ಸಿಗೋದು ಕಷ್ಟ.

ಬಿಲ್ ಒಬ್ಬರು ಕೊಡಲಿ, ಉಳಿದವರು ಅಲ್ಲೇ ಫೋನಲ್ಲಿ ಕಳಿಸಲಿ. ಸಮಪಾಲು ಬೇಡ, ಮಟನ್ ತಿಂದವರ ಲೆಕ್ಕ ಮೊಸರನ್ನದವರ ಮೇಲೆ ಬಿದ್ರೆ ಅವರು ಮುಂದಿನ ತಿಂಗಳು ಬರಲ್ಲ. ತಿಂದಿದ್ದರ ರೇಟು, ಅದರ ಮೇಲೆ 5% ಜಿಎಸ್‌ಟಿ, ಅಷ್ಟೇ. ಮುಂದಿನ ಪುಸ್ತಕ ಯಾವುದು ಅನ್ನೋದನ್ನ ಮಾತ್ರ ಬಿಲ್ ಬರೋಕೆ ಮುಂಚೆ ತೀರ್ಮಾನಿಸಿ. ಬಿಲ್ ಬಂದ ಮೇಲೆ ಎಲ್ಲರೂ ಬೈಕ್ ಕೀ ಹುಡುಕ್ತಿರ್ತಾರೆ.