ಮಗುವಿನ ತಪ್ಪನ್ನು ಓದಲು ಕಲಿಯುವ ಎರಡು ವರ್ಷಗಳು

ಕೇಳುಗರಿಗೆ ನಮಸ್ಕಾರ.

ಶಾಲೆಯಿಂದ ಈಗಷ್ಟೇ ಮನೆಗೆ ಬಂದು, ತಿದ್ದಲು ತಂದ ನೋಟ್ ಪುಸ್ತಕಗಳ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತ ಶಿಕ್ಷಕಿಯೊಬ್ಬರನ್ನು, ಬಿಸಿಯೂಟದ ಲೆಕ್ಕವನ್ನೂ ದಾಖಲಾತಿಯ ಮಾಹಿತಿಯನ್ನೂ ತುಂಬಿ ಮುಗಿಸುವಷ್ಟರಲ್ಲಿ ತರಗತಿಗೆ ಹೋಗಲು ಹೊತ್ತು ಸಾಲದೆ ಬೇಸರಗೊಂಡ ಮುಖ್ಯೋಪಾಧ್ಯಾಯರೊಬ್ಬರನ್ನು ಕಣ್ಣ ಮುಂದಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಬಿ.ಎಡ್. ಮುಗಿಸಿ, ಕೆಲಸಕ್ಕೆ ಸೇರಿ, ಹತ್ತಾರು ವರ್ಷ ಪಾಠ ಮಾಡಿದವರು ಎಂ.ಎಡ್. ಎಂಬ ಸ್ನಾತಕೋತ್ತರ ಪದವಿಗಾಗಿ ಮತ್ತೆ ವಿದ್ಯಾರ್ಥಿಗಳಾಗಿ ವಿಶ್ವವಿದ್ಯಾಲಯಕ್ಕೆ ಏಕೆ ಬರಬೇಕು ಎಂಬುದು ಇಂದಿನ ವಿಷಯ. ನನ್ನ ಉತ್ತರ ಒಂದೇ. ಮಗುವಿನ ತಪ್ಪನ್ನು ತಿದ್ದುವ ಮೊದಲು ಅದನ್ನು ಓದಬೇಕು. ಆ ಓದನ್ನು ಕಲಿಯಲು ಬರಬೇಕು.

ಶಿಕ್ಷಕರು ಹೀಗೆ ಮರಳಿ ಓದಲು ಬರುವ ಸಂಸ್ಥೆಗೆ ಉದಾಹರಣೆಯಾಗಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ತೆಗೆದುಕೊಳ್ಳೋಣ. ಹೊಸೂರು ರಸ್ತೆಯಲ್ಲಿ 1969ರಲ್ಲಿ ಕಾಲೇಜಾಗಿ ಆರಂಭವಾದ ಈ ಸಂಸ್ಥೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅದನ್ನು ನಡೆಸುವವರು ಸಿ.ಎಂ.ಐ. ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಗುರುಗಳು. ಆ ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಕುರಿಯಾಕೋಸ್ ಏಲಿಯಾಸ್ ಚಾವರ ಅವರು 1846ರಲ್ಲಿ ಕೇರಳದ ಮಾನ್ನಾನಂನಲ್ಲಿ ಒಂದು ಸಂಸ್ಕೃತ ಶಾಲೆಯನ್ನು ತೆರೆದರು. 1864ರಲ್ಲಿ, ತಮ್ಮ ಅಧಿಕಾರದಲ್ಲಿದ್ದ ಪ್ರತಿಯೊಂದು ಚರ್ಚಿನ ಜೊತೆಗೂ ಒಂದು ಶಾಲೆ ಇರಲೇಬೇಕೆಂದು ಆದೇಶಿಸಿದರು. ಪ್ರಾರ್ಥನೆಯ ಮನೆಯ ಪಕ್ಕದಲ್ಲೇ ಪಾಠದ ಮನೆ ಎಂಬ ಈ ನಿರ್ಧಾರದ ಹಿಂದೆ, ಅಕ್ಷರವನ್ನು ತಲುಪಿಸುವುದೂ ಸೇವೆಯೇ ಎಂಬ ನಂಬಿಕೆ ಇತ್ತು. 2014ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ನಮ್ಮ ಕರಾವಳಿಯವರಿಗೆ ಈ ಪರಂಪರೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಶಾಲೆಗಳಲ್ಲಿ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದ ಅಜ್ಜಂದಿರು ಅಲ್ಲಿಯ ಎಷ್ಟೋ ಮನೆಗಳಲ್ಲಿದ್ದರು.

ಇನ್ನು ಓದಿನ ವಿಷಯಕ್ಕೆ ಬರುತ್ತೇನೆ. ಎಂ.ಎಡ್. ಹಿಂದೆ ಒಂದು ವರ್ಷದ ಪದವಿಯಾಗಿತ್ತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ನಂತರ ಅದು ಎರಡು ವರ್ಷಗಳ, ನಾಲ್ಕು ಸೆಮಿಸ್ಟರ್‌ಗಳ ಪದವಿಯಾಯಿತು. ಮನೋವಿಜ್ಞಾನ, ಶಿಕ್ಷಣದ ತತ್ತ್ವಶಾಸ್ತ್ರ, ಪಠ್ಯಕ್ರಮ, ಶೈಕ್ಷಣಿಕ ಆಡಳಿತ ಇವೆಲ್ಲ ಅದರಲ್ಲಿವೆ. ಇವುಗಳ ಪಟ್ಟಿಯನ್ನು ಓದಿ ನಿಮ್ಮ ಸಮಯ ಕಳೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಎರಡು ವರ್ಷಗಳ ಜೀವಾಳ ಕಿರು ಸಂಶೋಧನಾ ಪ್ರಬಂಧ. ಅದೇಕೆ ಎಂಬುದಕ್ಕೆ ನನ್ನ ಬಳಿ ಪ್ರಬಂಧ ಬರೆದ ಒಬ್ಬ ಶಿಕ್ಷಕಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವರು ಹನ್ನೆರಡು ವರ್ಷ ಗಣಿತ ಕಲಿಸಿದ್ದವರು. ಮೊದಲ ಭೇಟಿಯಲ್ಲೇ, "ಸರ್, ನನ್ನ ಮಕ್ಕಳಿಗೆ ಐದನೇ ತರಗತಿಗೆ ಬಂದರೂ ಕಳೆಯುವ ಲೆಕ್ಕ ಬರುವುದಿಲ್ಲ. ಮನೆಯಲ್ಲಿ ಹೇಳಿಕೊಡುವವರಿಲ್ಲ, ಅದಕ್ಕೇ ಹೀಗೆ. ಇದರ ಮೇಲೆಯೇ ಪ್ರಬಂಧ ಬರೆಯುತ್ತೇನೆ" ಎಂದರು. ನಾನು ಅವರಿಗೆ ಒಂದೇ ಕೆಲಸ ಹೇಳಿದೆ. ತಪ್ಪು ಉತ್ತರದ ಮೇಲೆ ಕೆಂಪು ಗೆರೆ ಎಳೆಯುವುದನ್ನು ಒಂದು ತಿಂಗಳು ನಿಲ್ಲಿಸಿ, ಒಂದೊಂದು ಮಗುವಿನ ಪಕ್ಕದಲ್ಲಿ ಕುಳಿತು, "ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು" ಎಂದು ಕೇಳಿ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೂ ಮಾಡಿದರು.

ಮೂರನೆಯ ವಾರ ಒಂದು ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಪೆನ್ಸಿಲ್ಲಿನಲ್ಲಿ ಬರೆದ ಒಂದು ಲೆಕ್ಕ: 403ರಲ್ಲಿ 178 ಕಳೆ. ಹುಡುಗಿ ಬರೆದ ಉತ್ತರ 375. ಅದರ ಕೆಳಗೆ ಅದೇ ಹುಡುಗಿ ಮಾಡಿದ ಇನ್ನೊಂದು ಲೆಕ್ಕ: 453ರಲ್ಲಿ 178 ಕಳೆ. ಅದಕ್ಕೆ ಉತ್ತರ 275 ಎಂದು ಸರಿಯಾಗಿ ಬರೆದಿದ್ದಳು. ಕಳೆಯಲು ಬಾರದ ಮಗು ಎರಡನೆಯ ಲೆಕ್ಕವನ್ನು ಹೇಗೆ ಸರಿ ಮಾಡಿತು? ಶಿಕ್ಷಕಿ ಕೇಳಿದಾಗ ಹುಡುಗಿ ಕೊಟ್ಟ ವಿವರಣೆ ಹೀಗಿತ್ತು: "ಮೂರರಲ್ಲಿ ಎಂಟು ಹೋಗಲ್ಲ ಮಿಸ್. ಪಕ್ಕದ ಮನೆಯಿಂದ ಸಾಲ ತರೋಣ ಅಂದ್ರೆ ಅಲ್ಲಿ ಸೊನ್ನೆ ಇದೆ. ಅವರ ಹತ್ರಾನೇ ಏನೂ ಇಲ್ಲ, ನನಗೆ ಹೇಗೆ ಕೊಡ್ತಾರೆ? ಅದಕ್ಕೇ ದೊಡ್ಡದರಲ್ಲಿ ಚಿಕ್ಕದನ್ನ ಕಳೆದೆ. ಯಾವಾಗಲೂ ದೊಡ್ಡದರಲ್ಲೇ ಚಿಕ್ಕದನ್ನ ಕಳೀಬೇಕು ಅಂತ ನೀವೇ ಹೇಳಿದ್ರಲ್ಲ."

ಕೇಳುಗರೇ, ದಯವಿಟ್ಟು ಈ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಆಡಿಕೊಳ್ಳಿ. ಇದರಲ್ಲಿ ದಡ್ಡತನ ಎಲ್ಲಿದೆ? ಸೊನ್ನೆ ಇರುವ ಮನೆಯಿಂದ ಸಾಲ ಹುಟ್ಟುವುದಿಲ್ಲ ಎಂಬುದು ಶುದ್ಧವಾದ ತರ್ಕ. ಸಾಲದ ಕಥೆಯನ್ನು ಹೇಳಿಕೊಟ್ಟವರು ನಾವು, ದೊಡ್ಡದರಲ್ಲಿ ಚಿಕ್ಕದು ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸಿದವರೂ ನಾವೇ. ಮಗು ಎರಡನ್ನೂ ಶ್ರದ್ಧೆಯಿಂದ ಪಾಲಿಸಿ 375ಕ್ಕೆ ಬಂದು ನಿಂತಿತ್ತು. ಅಂಕಪಟ್ಟಿಯಲ್ಲಿ ಮಾತ್ರ "ವ್ಯವಕಲನ ಬರುವುದಿಲ್ಲ" ಎಂದು ದಾಖಲಾಗಿತ್ತು. ಅವಳಿಗೆ ವ್ಯವಕಲನ ಬರುತ್ತಿತ್ತು. ನಡುವೆ ಕುಳಿತ ಸೊನ್ನೆಯನ್ನು ದಾಟುವುದು ಬರುತ್ತಿರಲಿಲ್ಲ.

ಶಿಕ್ಷಕಿ ಮುಂದೆ ಮಾಡಿದ್ದು ಸರಳವಾದ ಕೆಲಸ. ಪೊರಕೆ ಕಡ್ಡಿಗಳನ್ನು ಸಮನಾಗಿ ಮುರಿದು, ಹತ್ತತ್ತರ ಕಟ್ಟು ಕಟ್ಟಿ, ಅಂಥ ಹತ್ತು ಕಟ್ಟುಗಳಿಗೆ ದೊಡ್ಡ ರಬ್ಬರ್ ಬ್ಯಾಂಡ್ ಹಾಕಿ ನೂರರ ಕಟ್ಟು ಮಾಡಿದರು. ನೂರರ ನಾಲ್ಕು ಕಟ್ಟು ಮತ್ತು ಮೂರು ಬಿಡಿ ಕಡ್ಡಿಗಳನ್ನು ಹುಡುಗಿಯ ಮುಂದಿಟ್ಟು, ಎಂಟು ಬಿಡಿ ಕಡ್ಡಿ ಕೊಡು ಎಂದರು. ಹುಡುಗಿ ಹತ್ತರ ಕಟ್ಟಿಗಾಗಿ ಹುಡುಕಿದಳು, ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೂರರ ಒಂದು ಕಟ್ಟನ್ನು ಎತ್ತಿಕೊಂಡು, "ಇದನ್ನು ಬಿಚ್ಚಲಾ ಮಿಸ್?" ಎಂದು ಕೇಳಿದಳು. ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಹತ್ತರ ಹತ್ತು ಕಟ್ಟುಗಳು ಬಿದ್ದವು. ಅದರಲ್ಲಿ ಒಂದನ್ನು ಬಿಚ್ಚಿದಾಗ ಬಿಡಿ ಕಡ್ಡಿಗಳು ಹದಿಮೂರಾದವು, ಹತ್ತರ ಕಟ್ಟುಗಳು ಒಂಬತ್ತು ಉಳಿದವು, ನೂರರ ಕಟ್ಟುಗಳು ಮೂರು ಉಳಿದವು. 225 ಎಂಬ ಉತ್ತರವನ್ನು ಅವಳು ಬರೆಯುವ ಮೊದಲು ನೆಲದ ಮೇಲೆ ಜೋಡಿಸಿದಳು. ಇದನ್ನು ಹೇಳುವಾಗ ಹನ್ನೆರಡು ವರ್ಷ ಅನುಭವವಿದ್ದ ಆ ಶಿಕ್ಷಕಿಯ ಕಣ್ಣು ತುಂಬಿತ್ತು. "ಇಷ್ಟು ವರ್ಷ ಎಷ್ಟು ಮಕ್ಕಳ ಪುಸ್ತಕದಲ್ಲಿ ಈ ತಪ್ಪಿಗೆ ಗೆರೆ ಎಳೆದು ಮುಂದೆ ಹೋಗಿದ್ದೇನೋ" ಎಂದರು.

ಅವರು ಕಲಿತದ್ದು ತಪ್ಪನ್ನು ಓದುವುದನ್ನು. ಆ ಓದಿಗೆ ಶಿಸ್ತು ಬೇಕು, ಬಿಡುವು ಬೇಕು, "ಮನೆಯಲ್ಲಿ ಹೇಳಿಕೊಡುವವರಿಲ್ಲ" ಎಂಬ ನಮ್ಮ ಸಿದ್ಧ ಉತ್ತರವನ್ನು ಒಪ್ಪದೆ ಮರುಪ್ರಶ್ನೆ ಹಾಕುವ ಒಬ್ಬರು ಜೊತೆಗಿರಬೇಕು. ಸ್ನಾತಕೋತ್ತರ ವಿಭಾಗ ಒದಗಿಸುವುದು ಈ ಮೂರನ್ನು. ಬಡ್ತಿಗೆ ಅನುಕೂಲವಾಗುತ್ತದೆಯೇ ಎಂದು ಮೊದಲ ದಿನವೇ ವಿಚಾರಿಸುವವರು ಬಹಳ ಮಂದಿ ಬರುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ ಆದರೂ, ಅದೊಂದನ್ನೇ ಕೇಳಿ ಹೋಗುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಶಿಕ್ಷಕರಿಂದ ಇದು ಸಾಧ್ಯವೇ ಎಂಬ ಸಂದೇಹವಿದ್ದವರು ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಕಲಿಕಾ ಪದ್ಧತಿಯನ್ನು ನೆನಪಿಸಿಕೊಳ್ಳಬಹುದು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕಲಿಕಾ ಕಾರ್ಡುಗಳನ್ನು ರೂಪಿಸಿದರು. ಅದೇ ಮುಂದೆ ಇಡೀ ರಾಜ್ಯದ ಶಾಲೆಗಳಿಗೆ ಹರಡಿತು.

ಮುಖ್ಯೋಪಾಧ್ಯಾಯರಿಗೆ ಹೇಳಬೇಕಾದದ್ದು ಬಹಳವಿತ್ತು, ಸಮಯ ಕಡಿಮೆ ಉಳಿದಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದಿದೆ, ಶಾಲಾ ಮುಖ್ಯಸ್ಥರಿಗೂ ಅಷ್ಟೇ ಎಂದಿದೆ. ಆ ಗಂಟೆಗಳು ಸುತ್ತೋಲೆಗಳ ವಿವರಣೆಯಲ್ಲಿ ಮುಗಿದುಹೋಗಬಾರದು. ಶೈಕ್ಷಣಿಕ ಆಡಳಿತವನ್ನು ಅಧ್ಯಯನ ಮಾಡುವ ಮುಖ್ಯಸ್ಥರಿಗೆ ನಾನು ಒಪ್ಪಿಸುವ ಮೊದಲ ಕೆಲಸವೆಂದರೆ ವೇಳಾಪಟ್ಟಿ. ವಾರದಲ್ಲಿ ಒಂದು ಅವಧಿ, ಕೇವಲ ನಲವತ್ತು ನಿಮಿಷ, ಇಬ್ಬರು ಶಿಕ್ಷಕರು ಒಟ್ಟಿಗೆ ಕುಳಿತು ಮಕ್ಕಳ ತಪ್ಪುಗಳನ್ನು ಓದಲು ಬಿಡುವು ಮಾಡಿಕೊಡಿ ಎನ್ನುತ್ತೇನೆ. ಅದಕ್ಕೆ ಅನುದಾನ ಬೇಕಿಲ್ಲ, ಮೇಲಿನವರ ಅನುಮತಿಯೂ ಬೇಕಿಲ್ಲ. ಅಷ್ಟನ್ನು ಮಾಡಿಕೊಟ್ಟ ಮುಖ್ಯೋಪಾಧ್ಯಾಯರು ಶಾಲೆಯ ನಾಯಕರೆಂದು ನಾನು ಒಪ್ಪುತ್ತೇನೆ.

ಕ್ರೈಸ್ತ ವಿಶ್ವವಿದ್ಯಾಲಯವೆಂದರೆ ಕ್ರೈಸ್ತರಿಗೆ ಮಾತ್ರವೇ ಎಂದು ಹಲವರು ಕೇಳುತ್ತಾರೆ. ಖಂಡಿತ ಇಲ್ಲ. ಎಲ್ಲ ಧರ್ಮಗಳ ಶಿಕ್ಷಕರೂ ಅಲ್ಲಿ ಒಂದೇ ಬೆಂಚಿನಲ್ಲಿ ಓದುತ್ತಾರೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿ, ಅಂದರೆ ದೃಷ್ಟಾಂತ ಕಥೆ, ಬೈಬಲ್ಲಿನಲ್ಲಿದೆ. ತರಗತಿಯಲ್ಲಿ 375 ಎಂದು ಬರೆದ ಆ ಹುಡುಗಿಯ ಪಕ್ಕದಲ್ಲಿ ಶಿಕ್ಷಕಿ ಕುಳಿತದ್ದು ಅಂಥದೇ ಹುಡುಕಾಟ, ಅದಕ್ಕೆ ಯಾವ ಧರ್ಮದವರೂ ಹೊರಗಿನವರಲ್ಲ.

ಎಂ.ಎಡ್. ಪ್ರವೇಶಕ್ಕೆ ಬಿ.ಎಡ್. ಅಥವಾ ಅದಕ್ಕೆ ಸಮಾನವಾದ ಪದವಿಯಲ್ಲಿ ಕನಿಷ್ಠ ಶೇಕಡಾ 50 ಅಂಕಗಳಿರಬೇಕು. ಶುಲ್ಕ ಮತ್ತು ರಜೆಯ ವಿವರಗಳನ್ನು ಆಯಾ ವಿಶ್ವವಿದ್ಯಾಲಯದಲ್ಲಿಯೂ ನಿಮ್ಮ ಇಲಾಖೆಯಲ್ಲಿಯೂ ವಿಚಾರಿಸಿಕೊಳ್ಳಿ. ಅರ್ಜಿ ಹಾಕುವ ಮುನ್ನ, ಇಂದು ರಾತ್ರಿ ಪಕ್ಕದಲ್ಲಿರುವ ಕಟ್ಟಿನಿಂದ ಒಂದು ನೋಟ್ ಪುಸ್ತಕವನ್ನು ಮಾತ್ರ ತಿದ್ದದೆ ಹಾಗೆಯೇ ಉಳಿಸಿಕೊಳ್ಳಿ. ನಾಳೆ ಆ ಮಗುವಿನ ಪಕ್ಕದಲ್ಲಿ ಕುಳಿತು, ಇದನ್ನು ಹೇಗೆ ಮಾಡಿದೆ ಎಂದು ಕೇಳಿ, ಅದು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋದರೂ ಆ ಹಾಳೆಯನ್ನು ಜೊತೆಯಲ್ಲಿ ಒಯ್ಯಿರಿ. ನಮಸ್ಕಾರ.